ಅಕ್ಕನ ಮಗಳ ಜಪಾನಿ ಪಾಠ

ಹರಿಹರದ ನಮ್ಮಕ್ಕನ ಮಗಳು ನರ್ಸಿಂಗ್ ಮುಗಿಸಿ, ಜಪಾನಿಗೆ ಹೋಗಿ ವಯಸ್ಸಾದೋರನ್ನ ನೋಡ್ಕೊಳ್ಳೋ ಕೆಲಸ ಮಾಡ್ತೀನಿ ಅಂತ ಹಟ ಹಿಡಿದಿರೋದು ನಿಮಗೆಲ್ಲ ಗೊತ್ತೇ ಐತಿ. ಅದಕ್ಕಂತ ಡಿಸೆಂಬರಿನಾಗ ಬೆಂಗ್ಳೂರಿಗೆ ಹೋಗಿ ಎನ್4 ಜಪಾನಿ ಪರೀಕ್ಷೆ ಬರೆದ್ಲು. ಒಟ್ಟು 180ಕ್ಕೆ 94 ಬಂತು, ಪಾಸಿಗೆ 90 ಸಾಕು. ಆದ್ರೆ ಕೇಳಿ ಉತ್ತರ ಬರೆಯೋ ಭಾಗದಾಗ 60ಕ್ಕೆ 19 ಬರ್ಲೇಬೇಕಂತೆ, ಇವಳಿಗೆ ಬಂದಿದ್ದು 16. ಫೇಲು. "ಸಾಕು ಬಿಡೇ, ಇಲ್ಲೇ ದಾವಣಗೆರೆ ಆಸ್ಪತ್ರೆಗೆ ಸೇರ್ಕೋ" ಅಂದ್ಲು ನಮ್ಮಕ್ಕ. ಅವಳಿಗೆ ಒಳಗೊಳಗೇ ಸಮಾಧಾನ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ.

ಹುಡುಗಿ ಬ್ಯಾಗ್ ಹಿಡ್ಕೊಂಡು ನಮ್ಮನೆಗೆ ಬಂದ್ಲು. ನೋಟ್‌ಬುಕ್ ತೆಗೆದು ನೋಡಿದ್ರೆ ಜಪಾನಿ ಮಾತೆಲ್ಲ ಇಂಗ್ಲಿಷ್ ಅಕ್ಷರದಾಗ, ಅರ್ಥನೂ ಇಂಗ್ಲಿಷಿನಾಗ. ನಾನು ಒಂದನೇ ಕ್ಲಾಸಿಗೆ ಕಾಗುಣಿತ ಹೇಳ್ಕೊಟ್ಟಾಕಿ. "ಚಿಕ್ಕಮ್ಮಗೆ ಏನಂತಾರೆ?" ಅಂದೆ. "ಒಬಸನ್. ಎಳೆದು ಒಬಾಸನ್ ಅಂದ್ರೆ ಅಜ್ಜಿ." ಅವಳ ಇಂಗ್ಲಿಷ್ ಬರಹದಾಗ ಚಿಕ್ಕಮ್ಮನೂ ಅಜ್ಜಿನೂ ಒಂದೇ ಆಗಿದ್ರು! ಕಿತೆ ಅಂದ್ರೆ ಬಾ, ಕಿತ್ತೆ ಅಂದ್ರೆ ಅಂಚೆಚೀಟಿ. ಹ್ರಸ್ವ, ದೀರ್ಘ, ಒತ್ತು ನಮಗೆ ಹುಟ್ಟಿದಾಗಿಂದ ಕೇಳ್ಸೋದು. ಅದನ್ನ ಇವಳು ಕೈಯಾರೆ ಕಳ್ಕೊಂಡಿದ್ಲು.

ಹಿರಗಾನ ಅಕ್ಷರ 46. ಅ ಇ ಉ ಎ ಒ, ಆಮೇಲೆ ಕ ಕಿ ಕು ಕೆ ಕೊ. ನಮ್ಮ ಕಾಗುಣಿತದ ತಂಗಿ ಅನ್ಬೇಕು. ದಿನಾ ಉಕ್ತಲೇಖನ ಶುರು ಮಾಡಿದ್ವಿ: ಮೊಬೈಲಿನಾಗ ಜಪಾನಿ ಮಾತು ಹಚ್ಚೋದು, ಪುಸ್ತಕ ನೋಡ್ದೆ ಹಿರಗಾನದಾಗ ಬರೆಯೋದು, ತಪ್ಪಿದ್ದನ್ನ ಮತ್ತೆ ಕೇಳೋದು. ಕಾಲು ಗಂಟೆ, ಅಷ್ಟೇ.

ರೊಟ್ಟಿ ತಟ್ಟೋವಾಗ ನಾನು ಕನ್ನಡದಾಗ ಹೇಳೋದು, ಅವಳು ಅದೇ ಸಾಲಿಗೆ ಜಪಾನಿ ಹೇಳೋದು. ನೀರನ್ನ ಕುಡೀತೀನಿ: ಮಿಝು ಒ ನೊಮಿಮಾಸ್. ನಮ್ಮ "ಅನ್ನು" ಇರೋ ಜಾಗದಾಗೇ ಅವರ "ಒ", ಕ್ರಿಯಾಪದ ಕೊನೆಗೆ. ಬಿಸಿ ರೊಟ್ಟಿ ಕೊಟ್ಟು "ತಿಂದು ನೋಡು" ಅಂದೆ. "ತಬೆತೆ ಮಿತೆ" ಅಂದು ಹುಡುಗಿ ಬೆಪ್ಪಾಗಿ ಕೂತ್ಲು. ತಬೆತೆ ಅಂದ್ರೆ ತಿಂದು, ಮಿತೆ ಅಂದ್ರೆ ನೋಡು! ಇದೇ ಮಾತನ್ನ ಇಂಗ್ಲಿಷ್ ಪುಸ್ತಕದಾಗ ನಿಯಮ ಅಂತ ಉರು ಹೊಡೆದಿದ್ಲಂತೆ.

ಕಾಂಜಿ ಅನ್ನೋ ಚಿತ್ರದಂಥ ಅಕ್ಷರಕ್ಕೆ ಮಾತ್ರ ಕನ್ನಡ ಏನೂ ಸಹಾಯ ಮಾಡಲ್ಲ. ದಿನಕ್ಕೆ ಐದು, ಸ್ಲೇಟಿನ ಮ್ಯಾಲೆ ತಿದ್ದಿ ತಿದ್ದಿ, ನಿನ್ನೆದು ಮೊನ್ನೆದು ಸೇರಿಸಿ ಬರೀಬೇಕು. ಬೇರೆ ದಾರಿ ಇಲ್ಲ.

ಜುಲೈ ಪರೀಕ್ಷೆಗೆ ಹರಿಹರದಿಂದ ಹೊರಡೋ ರಾತ್ರಿ ನಾನೂ ಅಲ್ಲೇ ಇದ್ದೆ. ಅಕ್ಕ ಬುತ್ತಿ ಕಟ್ಟಿದ್ಲು, ಮಾತಿಲ್ಲ. ಹುಡುಗಿ ಹೊಸಿಲು ದಾಟಿ "ಇತ್ತೆ ಕಿಮಾಸ್" ಅಂದ್ಲು.

"ಏನಂದ್ಲೇ ಅದು?" ಅಂತ ಅಕ್ಕ ನನ್ನ ಕೇಳಿದ್ಲು.

"ಹೋಗಿ ಬರ್ತೀನಿ ಅಂತ. ಅಲ್ಲಿನೋರೂ ಮನೆ ಬಿಡೋವಾಗ ಹಂಗೇ ಅಂತಾರೆ."

"ಬರ್ತೀನಿ ಅನ್ನೋದೂ ಐತಾ ಅದ್ರಾಗೆ?"

"ಐತಿ."

ರಿಸಲ್ಟ್ ಇನ್ನೂ ಬಂದಿಲ್ಲ. ಅಕ್ಕ ಮಾತ್ರ ಈಗ ಫೋನಿನಾಗ ತಿರುಗಿ ಏನನ್ಬೇಕು ಅಂತ ಕೇಳ್ಕೊಂಡಾಳೆ. ಇತ್ತೆರಶ್ಶಾಯ್. ನಾಲಿಗೆ ತಿರುಗಲ್ಲ, "ಹೋಗಿ ಬಾರವ್ವ" ಅಂತಾನೇ ಮುಗಿಸ್ತಾಳೆ.