ರೊಟ್ಟಿ ಜೋಡಿ ಬಿಯರ್ ಹೊಂದತೈತೇನು? (ಊಟದ ಮಾತು, ಭಾಗ 7)

ಹೋದ ಭಾಗದಾಗ ಅಮೀನಗಡ ಕರದಂಟಿನ ಫೋಟೊ ಹಾಕಿದಾಗ ನಿಮ್ಮಲ್ಲಿ ಭಾಳ ಮಂದಿ ಕೇಳಿದ್ರಿ: "ಬಾಜೂಕ ಇರೋ ಕರೇ ಗ್ಲಾಸಿನಾಗ ಏನೈತಿ, ಕೋಲ್ಡ್ ಕಾಫಿ ಏನು?" ಅಲ್ಲ, ಅದು ಸ್ಟೌಟ್. ಹುರಿದ ಬಾರ್ಲಿಯಿಂದ ಮಾಡಿದ ಕಪ್ಪು ಬಿಯರ್. ಒಬ್ಬೊಬ್ಬರಿಗೂ ಮೆಸೇಜ್ ಮಾಡೋ ಬದಲು ಇಲ್ಲೇ ಪೂರಾ ಬರೀತೀನಿ. ಮೊದಲ ಒಂದು ಮಾತು. ನಮ್ಮ ರಾಜ್ಯದಾಗ 21 ತುಂಬದವರಿಗೆ ಮದ್ಯ ಕೊಡೋ ಹಂಗಿಲ್ಲ. ನನ್ನ ಕ್ಲಾಸ್‌ಮೇಟ್‌ಗಳ ತಮ್ಮ-ತಂಗಿಯರೂ ಇದನ್ನ ಓದ್ತಾರ ಅಂತ ಗೊತ್ತೈತಿ. ನಿಮಗ ಬ್ಯಾರೇ ಗ್ಲಾಸ್ ಇಟ್ಟೀನಿ, ಓದ್ಕೋತ ಬರ್ರಿ.

ಕ್ರಾಫ್ಟ್ ಬಿಯರ್ ನಮ್ಮ ಕಡೆ ಯಾಕ ಸಿಗೂದಿಲ್ಲ? ಬೆಂಗಳೂರಿನಾಗ 2010–11ರ ಸುಮಾರಿಗೆ ಬ್ರೂಪಬ್‌ಗಳು ಶುರುವಾದವು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸ ತೆಗೆದು ಕುದಿಸ್ತಾರ, ಕಹಿಗೆ ಹಾಪ್ಸ್ ಅನ್ನೋ ಬಳ್ಳಿಯ ಹೂವು ಹಾಕ್ತಾರ, ಯೀಸ್ಟ್ ಬಿಟ್ಟು ಹುದುಗಿಸ್ತಾರ, ಅಲ್ಲೇ ನಲ್ಲಿಯಿಂದ ಗ್ಲಾಸಿಗೆ ಬಿಡ್ತಾರ. ಬಾಟಲಿ ಬಿಯರಿನಂಗ ಸೋಸಿ, ಕೆಡದಂಗ ಬಿಸಿ ಮಾಡಿ ಇಡೂದು ಕಡಿಮೆ. ಹಿಂಗಾಗಿ ಅದು ಹಾಲಿದ್ದಂಗ. ತಂಪಿನಾಗ ಇರಬೇಕು, ಲಗೂನ ಖಾಲಿ ಆಗಬೇಕು. ನಾನೂರು ಕಿಲೋಮೀಟರ್ ದಾಟಿ ಇಳಕಲ್ ಬಿಸಿಲಿಗೆ ಬರೂ ಜಾತಿದಲ್ಲ. ಈಗೀಗ ಕೆಲವು ಕಂಪನಿಯವು ಕ್ಯಾನ್ ಒಳಗೂ ಬರ್ತಾವ. ಆದರ ನವನಗರದಾಗ ನಮ್ಮ ಗೆಳೆಯ ಒಬ್ಬ "ಸ್ಟೌಟ್ ಐತೇನ್ರಿ?" ಅಂದಾಗ ಅಂಗಡಿಯವರು "ಸ್ಟ್ರಾಂಗಾ?" ಅಂತ ಕೇಳಿ ಬ್ಯಾರೇದ ಕೊಟ್ಟರಂತ.

ಬಿಯರ್ ಊರಿಗೆ ಬರೂದಿಲ್ಲ ಅಂದ ಮ್ಯಾಲೆ ಊರಿನ ಊಟಾನ ಬೆಂಗಳೂರಿಗೆ ಬರಬೇಕಾತು. ಅವ್ವ ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಗಂಟು ಕಳಿಸ್ತಾಳ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪ ಖಾರ. ರೂಮಿನಾಗ ನಾವು ಮೂರು ಮಂದಿ ಇಳಕಲ್, ಹುನಗುಂದ, ಬಾದಾಮಿ ಕಡೆಯವರು. ಎಲ್ಲಾರಿಗೂ 21 ದಾಟೇತಿ. ಒಂದು ಕ್ಯಾನ್ ಒಡೆದು ಮೂರು ಸಣ್ಣ ಗ್ಲಾಸಿಗೆ ಹಾಕೋದು, ಒಂದೊಂದು ತುತ್ತಿಗೆ ಒಂದೊಂದು ಗುಟುಕು. ಸುಮಾರು ಒಂದು ವರ್ಷ ಹಿಂಗ ನಡದೈತಿ.

ಎರಡನೇ ಫೋಟೊ ನೋಡ್ರಿ. ಮಿರ್ಚಿ ಭಜಿ ಜೋಡಿ ಐಪಿಎ, ಅಂದ್ರ ಹಾಪ್ಸ್ ಜಾಸ್ತಿ ಇರೋ ಕಹಿ ಬಿಯರ್. ಖಾರಕ್ಕ ಬಿಯರ್ ತಂಪು ಅಂತ ಎಲ್ಲಾರೂ ಹೇಳ್ತಾರಲ್ಲ, ನಂಬಬ್ಯಾಡ್ರಿ. ಬಿಸಿ ಗುರುತಿಸೋ ನರಗಳೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಉರೀತಾವ, ಆಲ್ಕೋಹಾಲ್ ಅವೇ ನರಗಳನ್ನ ಇನ್ನಷ್ಟು ಕೆಣಕತೈತಿ. ಮ್ಯಾಲೆ ಹಾಪ್ಸಿನ ಕಹಿ. ಹುನಗುಂದದವಳು ಕಣ್ಣಾಗ ನೀರು ತಂದು "ಇದು ಜೋಡಿ ಅಲ್ಲ, ಜಗಳ" ಅಂದ್ಲು. ಅದೇ ಭಜಿಗೆ ಗೋಧಿ ಬಿಯರ್ ಛಲೋ ಆತು. ಕಹಿ ಕಡಿಮೆ, ನೊರೆ ಜಾಸ್ತಿ, ಬಾಯಾಗಿನ ಎಣ್ಣಿ ತೊಳೀತೈತಿ. ಜರ್ಮನಿಯ ಹೆಫೆವೈಜೆನ್ ಆದರ ಬಾಳೆಹಣ್ಣು, ಲವಂಗದ ವಾಸನಿ ಬರತೈತಿ, ಅವೆರಡನ್ನೂ ಯಾರೂ ಹಾಕಿರೂದಿಲ್ಲ, ಯೀಸ್ಟೇ ಹುಟ್ಟಿಸಿದ್ದು.

ಬದ್ನಿಕಾಯಿ ಎಣಗಾಯಿಗೆ ಕಂದು ಬಣ್ಣದ್ದು ಬೇಕು. ಎಣಗಾಯಿಯೊಳಗ ಶೇಂಗಾ, ಎಳ್ಳು, ಗುರೆಳ್ಳು ಎಲ್ಲಾ ಹುರಿದದ್ದು, ಬಿಯರಿನ ಮಾಲ್ಟೂ ಹುರಿದದ್ದು. ಎರಡೂ ಒಂದೇ ಓಣಿಯವರಂಗ ಮಾತಾಡ್ತಾವ. ಕರದಂಟಿಗೆ ಸ್ಟೌಟ್, ಇದರ ಬಗ್ಗೆ ನಾನು ಯಾರ ಜೋಡಿನೂ ವಾದಕ್ಕ ನಿಲ್ತೀನಿ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಎಲ್ಲಾ ಸೇರಿ ಬಾಯಿಗೆ ಭಾರ ಆಗೋ ಹೊತ್ತಿಗೆ ಸ್ಟೌಟಿನ ಸುಟ್ಟ ಕಹಿ ಬಂದು ಕಟ್ ಮಾಡತೈತಿ. ಗಿರ್ಮಿಟ್‌ಗೆ ಏನೂ ಬ್ಯಾಡ, ಚಾ ಸಾಕು. ಕೆಂಪ ಖಾರಕ್ಕಂತೂ ಜಗತ್ತಿನ ಯಾವ ಬಿಯರೂ ಆಗೂದಿಲ್ಲ. ಬನಶಂಕರಿ ಗುಡಿ ಮುಂದ ಬುಟ್ಟಿ ಹೊತ್ತು ರೊಟ್ಟಿ ಊಟ ಮಾರೋ ಅವ್ವಂದಿರು ಖಾರದ ಜೋಡಿ ಗಟ್ಟಿ ಮೊಸರು ಯಾಕ ತಂದಿರ್ತಾರ? ಹಾಲಿನಾಗಿನ ಕೇಸಿನ್ ಪ್ರೋಟೀನ್ ಕ್ಯಾಪ್ಸೈಸಿನ್ ಹಿಡಕೊಂಡು ನಾಲಿಗೆಯಿಂದ ಬಿಡಿಸತೈತಿ. ಪೇರಿಂಗ್ ಅನ್ನೋ ಶಬ್ದ ಅವರಿಗೆ ಬ್ಯಾಡಾಗಿತ್ತು, ಮೊಸರಿನ ಗಡಿಗಿ ಬೇಕಾಗಿತ್ತು.

ಈಗ ನಾನು ಹೇಳಬೇಕಂತ ಕುಂತ ವಿಷಯ. ಬೆಂಗಳೂರಿನ ಒಂದು ಬ್ರೂಪಬ್ಬಿನಾಗ ಕೆಲವೇ ವಾರ ಇರೋ ಒಂದು ಬಿಯರ್ ಬಂದಿತ್ತು: ಗೋಸ. ಜರ್ಮನಿಯ ಗೋಸ್ಲಾರ್ ಊರಿನ ಕಡೆ ಹುಟ್ಟಿ ಲೈಪ್‌ಜಿಗ್‌ನಾಗ ಹೆಸರಾದದ್ದು. 1966ಕ್ಕ ಮಾಡವರೇ ಇಲ್ಲದಂಗಾಗಿ, 1980ರ ದಶಕದಾಗ ಮತ್ತೆ ಶುರುವಾತು. ಗೋಧಿ ಬಿಯರ್, ಆದರ ಹುಳಿ. ಅದರಾಗ ಉಪ್ಪು, ಕೊತ್ತಂಬರಿ ಬೀಜ. ಅಪರೂಪದ್ದು ಅಂತ ಸಾಲು ಹಚ್ಚಿದ್ದರು. ನಾನು ಒಂದು ಗುಟುಕು ಕುಡಿದು ಸುಮ್ಮನ ಕುಂತೆ. ಹುಳಿ, ಉಪ್ಪು, ಧಾನ್ಯದ ವಾಸನಿ, ಹಿಂದ ಸಣ್ಣಗ ಕೊತ್ತಂಬರಿ. ಇದು ನಮ್ಮ ಆಯಿಯ ಜ್ವಾಳದ ಅಂಬಲಿ! ಗೋಸಿಗೆ ಹುಳಿ ಬರಿಸೋ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಬಳಗವೇ ಆಯಿಯ ಗಡಿಗಿಯೊಳಗೂ ರಾತ್ರಿಯಿಡೀ ದುಡಿಯೋದು. ಪುಂಡಿಪಲ್ಯದ ಜೋಡಿ ಆಯಿ ಅಂಬಲಿನ ಕೊಡ್ತಿದ್ಲು, ಹುಳಿಗೆ ಹುಳಿ. ಬೆಂಗಳೂರಿನಾಗ ಆ ಗ್ಲಾಸಿಗೆ ಕೊಟ್ಟ ರೊಕ್ಕಕ್ಕ ಬನಶಂಕರಿಯಾಗ ನಾವು ಮೂವರೂ ಹೊಟ್ಟಿ ತುಂಬ ಊಟ ಮಾಡಬಹುದಿತ್ತು.

ಅವ್ವಗ ಇದೆಲ್ಲ ಗೊತ್ತೈತೇನು ಅಂತ ಕೇಳ್ತೀರಿ. ಗೊತ್ತೈತಿ. ಫೋನಿನಾಗ ಹೇಳಿದೆ. ಭಾಳ ಹೊತ್ತು ಮಾತಿಲ್ಲ. ಆಮ್ಯಾಲೆ, "ನಿನ್ನ ಸೋದರಮಾವನ ಕೈ ಮರೆತೇನವ್ವ?" ಅಂದ್ಲು.

ಮಾವ ಕುಣಿಮಗ್ಗದ ನೇಕಾರ. ಇಳಕಲ್ ಸೀರಿ ಗೊತ್ತಿದ್ದವರಿಗೆ ಕೊಂಡಿ ಗೊತ್ತಿರತೈತಿ: ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮಿ ಎಳೆ ಒಂದೊಂದಾಗಿ ಸಿಗಿಸಿ ಜೋಡಿಸೋ ಕೆಲಸ. ಸಾವಿರಾರು ಎಳೆ. ಮಾವನ ಬೆರಳು ಅದರಾಗ ಇರುವೆ ಸಾಲಿನಂಗ ಓಡ್ತಿದ್ದವು. 2007ರ ಜುಲೈ 1ರಿಂದ ರಾಜ್ಯದಾಗ ಸಾರಾಯಿ ಬಂದಾತು. ಅಂಗಡಿಯೊಳಗ 90 ಎಂಎಲ್‌ನ ಅಗ್ಗದ ಟೆಟ್ರಾ ಪ್ಯಾಕ್ ಇದ್ದೇ ಇತ್ತು, ಮಾವ ಅದಕ್ಕ ಹೊಂದಿಕೊಂಡ. ಅಂಗಡಿ ಬಾಜೂಕ ನಿಂತು, ಉಪ್ಪಿನಕಾಯಿ ನೆಕ್ಕಿ, ಒಂದೇ ಉಸಿರಿಗೆ. ಊಟ ಇಲ್ಲ. ಮನಿಗೆ ಬಂದು ಉಂಡರೂ ಏನು ಉಂಡೆ ಅಂತ ಅವಗ ತಿಳೀತಿರಲಿಲ್ಲ. ಕಡಿಗೆ ಕೈ ನಡುಗಾಕ ಹತ್ತಿತು. ಕೊಂಡಿ ಹಾಕಾಕ ಬ್ಯಾರೆಯವರನ್ನ ಕರೀಬೇಕಾತು, ಅವರ ಕೂಲಿ ಮಾವನ ಕೂಲಿಯಾಗ ಹೋತು. ಈಗ ಮಾವ ಇಲ್ಲ. ಮಗ್ಗದ ಕುಣಿ ಮುಚ್ಚಿ ಅಲ್ಲಿ ಅತ್ತಿ ಹೊಲಿಗಿ ಮಷಿನ್ ಇಟ್ಟಾಳ.

"ನಂದು ಬ್ಯಾರೇ ಅವ್ವ, ನಾವು ರುಚಿ ನೋಡ್ತೀವಿ" ಅಂತ ಹೇಳೂದು ಸುಲಭ. ಲೆಕ್ಕ ಹಾಕಿ ನೋಡ್ರಿ. 330 ಎಂಎಲ್ ಗ್ಲಾಸಿನಾಗ ಶೇಕಡಾ 5ರ ಬಿಯರ್ ಇದ್ದರ ಶುದ್ಧ ಆಲ್ಕೋಹಾಲ್ 16.5 ಎಂಎಲ್. ಶೇಕಡಾ 42.8ರ ಒಂದು 90 ಎಂಎಲ್ ಪ್ಯಾಕಿನಾಗ 38.5 ಎಂಎಲ್. ಅಂದ್ರ ಮೂರು ಗ್ಲಾಸ್ ಕ್ರಾಫ್ಟ್ ಬಿಯರ್ ಕುಡಿದವರು ಮಾವನ ಒಂದು ಪ್ಯಾಕ್ ದಾಟಿರ್ತಾರ. ಲಿವರಿಗೆ ಮೆನು ಕಾರ್ಡ್ ಓದಾಕ ಬರೂದಿಲ್ಲ. ಬ್ರೂಪಬ್ಬಿನಾಗ ನಾಲ್ಕನೇ ಗ್ಲಾಸಿಗೆ "ಎಂಥಾ ಕಿತ್ತಳೆ ವಾಸನಿ ನೋಡು" ಅನ್ನೋರನ್ನ ನಾನು ನಂಬೂದಿಲ್ಲ. ಒಂದು ಕ್ಯಾನ್ ಮೂರು ಗ್ಲಾಸಿಗೆ ಅಂತ ಮ್ಯಾಲೆ ಬರೆದೆನಲ್ಲ, ಅದು ಜಿಪುಣತನ ಅಲ್ಲ. ಊಟ ಮುಂದಿರಬೇಕು, ಬಿಯರ್ ಅದರ ಹಿಂದ ಬರಬೇಕು ಅಂತ ನಾವು ಮಾಡ್ಕೊಂಡ ಕಟ್ಟು.

2019ರ ಜನವರಿಯಾಗ ಮದ್ಯ ನಿಷೇಧ ಆಗಬೇಕಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡಕೊಂಡು ಬಂದರು. ಅವ್ವ ಟಿವಿ ಮುಂದ ಕುಂತು, "ನನಗೂ ಹೋಗಬೇಕಿತ್ತು" ಅಂದಿದ್ಲು. ಆ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ, ಉತ್ತರ ಕೊಡಬೇಕು ಅಂತಾನೂ ಅನ್ನಿಸಿಲ್ಲ. ಕೂಡಲಸಂಗಮ ನಮ್ಮ ಹುನಗುಂದದ ಬಾಜೂಕ. ಬಸವಣ್ಣನವರ ಕಾಲದ ಶರಣರ ಬಳಗದಾಗ ಹೆಂಡದ ಮಾರಯ್ಯ ಅಂತ ಒಬ್ಬರು, ಹೆಂಡ ಮಾರೋದೇ ಅವರ ಕಾಯಕ, ಅವರ ವಚನಗಳೂ ಉಳಿದಾವ. ಅವರನ್ನ ಯಾರೂ ಹೊರಗ ಹಾಕಲಿಲ್ಲ ಅನ್ನೋದು ನನಗ ಇಷ್ಟ. ಅವ್ವನ ಹತ್ರ ಹೇಳಿದೆ. "ಅವರ ಕಡೆ ಟೆಟ್ರಾ ಪ್ಯಾಕ್ ಇರಲಿಲ್ಲಲ್ಲ" ಅಂದ್ಲು.

ನನ್ನ ಒಂದು ಆಸೆ ಹೇಳಲೇನು? ಬಿಳಿಜ್ವಾಳದ ಬಿಯರ್. ಇಂದಿರಾನಗರದ ಟಾಯ್ಟ್‌ನವರು ಬಾಸ್ಮತಿ ಅಕ್ಕಿ ಹಾಕಿ ಬಿಯರ್ ಮಾಡ್ಯಾರ. ದಕ್ಷಿಣ ಆಫ್ರಿಕಾದಾಗ ಉಮ್‌ಕೊಂಬೋತಿ ಅಂತ ಮೆಕ್ಕೆಜೋಳ, ಜ್ವಾಳ ಸೇರಿಸಿದ ಹುಳಿ ಬಿಯರ್ ಮನಿಯಾಗೇ ಮಾಡ್ತಾರ. ನೈಜೀರಿಯಾ 1988ರಾಗ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಂಪನಿಗಳೇ ಜ್ವಾಳಕ್ಕ ತಿರುಗಿದವು. ಕೆಲಸ ಮಾತ್ರ ಸುಲಭ ಅಲ್ಲ: ಜ್ವಾಳದ ಪಿಷ್ಟ ಬೇಯಾಕ ಬಾರ್ಲಿಗಿಂತ ಹೆಚ್ಚು ಶಾಖ ಬೇಕು, ಅಷ್ಟು ಶಾಖಕ್ಕ ಪಿಷ್ಟವನ್ನ ಸಕ್ಕರಿ ಮಾಡೋ ಕಿಣ್ವಗಳು ಸತ್ತುಹೋಗ್ತಾವ. ಆದರೂ ನಮ್ಮ ಎರಿ ಹೊಲದ ಹಿಂಗಾರಿ ಜ್ವಾಳದಿಂದ ಒಂದು ಗ್ಲಾಸ್, ಜೋಡಿ ಎಣಗಾಯಿ ಅಂತ ಬಾಯಿ ನೀರೂರತೈತಿ. ಅವ್ವಗ ಹೇಳಿದರ, "ಜ್ವಾಳ ಇರೂದು ರೊಟ್ಟಿಗೆ" ಅಂತಾಳ. ಮಾತು ಅಲ್ಲೇ ನಿಂತೈತಿ.

ಈಗ 21ರ ಒಳಗಿನವರ ಗ್ಲಾಸ್, ಕಡೇ ಫೋಟೊ. ರಾತ್ರಿ ಎರಡು ಚಮಚ ಜ್ವಾಳದ ಹಿಟ್ಟು ಒಂದು ಲೋಟ ನೀರಿನಾಗ ಗಂಟಿಲ್ಲದಂಗ ಕಲಸಿ, ಮುಚ್ಚಿ ಹೊರಗ ಇಡ್ರಿ. ಮುಂಜಾನೆ ಹುಳಿ ವಾಸನಿ ಬಂದಿರತೈತಿ. ಎರಡು ಲೋಟ ನೀರು ಕುದಿಯಾಕ ಇಟ್ಟು, ಅದನ್ನ ಹಾಕಿ, ಕೈ ಬಿಡದ ತಿರುವ್ಕೋತ ಹತ್ತು ನಿಮಿಷ ಕುದಿಸ್ರಿ. ಪೂರಾ ಆರಿದ ಮ್ಯಾಲೆ ಮಜ್ಜಿಗಿ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಜೀರಗಿ, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ. ಪುಂಡಿಪಲ್ಯ, ಖಡಕ್ ರೊಟ್ಟಿ ಜೋಡಿ ಕುಡೀರಿ. ಹೆಂಗಿತ್ತು ಅಂತ ಕೆಳಗ ಬರೀರಿ, ಆಯಿಗೆ ಓದಿ ಹೇಳ್ತೀನಿ. ಮುಂದಿನ ಭಾಗದಾಗ ಬನಶಂಕರಿ ಜಾತ್ರಿ.

#ಇಳಕಲ್ #ಬಾದಾಮಿ #ಜ್ವಾಳದರೊಟ್ಟಿ #ಅಂಬಲಿ