ನಮ್ಮ ಮುಖ ಫೋಟೋದಲ್ಲಿ ಕಾಣ್ಬೇಕು



ಪ್ರತಿ ವರ್ಷ ಏಪ್ರಿಲ್ 14 ಮುಗಿದ ಮೇಲೆ ನನ್ನ ಫೋನಿಗೆ ನೂರಾರು ಫೋಟೋ ಬರ್ತವೆ. ಬಾಬಾಸಾಹೇಬರ ಪ್ರತಿಮೆ, ನೀಲಿ ಬಾವುಟ, ಬಿಳಿ ಅಂಗಿ ಎಲ್ಲಾ ಚೆನ್ನಾಗಿ ಬಂದಿರ್ತವೆ. ನಮ್ಮ ಜನರ ಮುಖ ಮಾತ್ರ ಮಸಿ ಬಳಿದಂಗೆ. ಕೇಳಿದ್ರೆ "ನಾವು ಕಪ್ಪಲ್ವಾ ಅಣ್ಣ, ಹಂಗೇ ಬರೋದು" ಅಂತ ಹುಡುಗರೇ ಹೇಳ್ತಾರೆ. ಈ ಮಾತು ನನಗೆ ಒಪ್ಪಿಗೆ ಇಲ್ಲ. ತಪ್ಪು ಬಣ್ಣದ್ದಲ್ಲ, ಅಳತೆಯದ್ದು.

ಕ್ಯಾಮೆರಾ ತನ್ನೆದುರು ಇರೋದನ್ನೆಲ್ಲ ಸರಾಸರಿ ಮಾಡಿ ಒಂದು ನಡುಮಟ್ಟದ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಹಿಂದುಗಡೆ ಬಿಳಿ ಫ್ಲೆಕ್ಸ್, ಬಿಸಿಲಿನ ಆಕಾಶ ಇದ್ರೆ ಬೆಳಕು ಜಾಸ್ತಿಯಾಯ್ತು ಅಂದ್ಕೊಂಡು ಇಡೀ ಚಿತ್ರವನ್ನ ಕತ್ತಲು ಮಾಡುತ್ತೆ. ಆಗ ಮೊದಲು ಮುಳುಗೋದು ಕಪ್ಪು ಮುಖ. ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಕೊಡಾಕ್ ಕಂಪನಿ 1950ರ ದಶಕದಿಂದ ಫೋಟೋ ಲ್ಯಾಬುಗಳಿಗೆ ಬಣ್ಣ ಸರಿಪಡಿಸೋಕೆ ಒಂದು ಕಾರ್ಡ್ ಕೊಡ್ತಿತ್ತು. ಅದರಲ್ಲಿ ಇದ್ದದ್ದು ಬಿಳಿ ಹೆಣ್ಣುಮಗಳ ಚಿತ್ರ, ಹೆಸರು ಶರ್ಲಿ ಕಾರ್ಡ್. ಆಕೆಯ ಚರ್ಮ ಸರಿಯಾಗಿ ಬಂದ್ರೆ ಬಣ್ಣ ಸರಿ ಅಂತ ಲೆಕ್ಕ. ಬೇರೆ ಬೇರೆ ಮೈಬಣ್ಣದವರು ಇರೋ ಕಾರ್ಡ್ ಬರೋಕೆ 1990ರ ದಶಕವೇ ಬೇಕಾಯ್ತು.

ಮಾಡೋದಿಷ್ಟೇ. ಲೆನ್ಸನ್ನ ಅಂಗಿ ಚುಂಗಿನಿಂದ ಒರೆಸಿ. ನಗಬೇಡಿ, ಅರ್ಧ ಮಬ್ಬು ಅಲ್ಲೇ ಹೋಗುತ್ತೆ. ಫೋನಿನ ಪರದೆ ಮೇಲೆ ಮುಖವನ್ನ ಮುಟ್ಟಿ, ಪಕ್ಕದಲ್ಲಿ ಸೂರ್ಯನ ಗುರುತು ಬಂದ್ರೆ ಮೆಲ್ಲಗೆ ಮೇಲಕ್ಕೆ ಎಳೀರಿ. ಹಿಂದಿನ ಆಕಾಶ ಬೆಳ್ಳಗಾಗಿ ಹೋಗ್ಲಿ ಬಿಡಿ, ನಾವು ಆಕಾಶದ ಫೋಟೋ ತೆಗೀತಿಲ್ವಲ್ಲ. ನಡುಮಧ್ಯಾಹ್ನ ಜನರನ್ನ ಬಿಸಿಲಲ್ಲಿ ನಿಲ್ಲಿಸಬೇಡಿ, ಕಣ್ಣುಗುಳಿಗಳು ಕಪ್ಪಾಗ್ತವೆ. ಶಾಮಿಯಾನದ ಅಂಚಿನ ನೆರಳಿಗೆ ಕರ್ಕೊಂಡು ಬಂದು ಹೊರಗಿನ ಬೆಳಕಿನ ಕಡೆ ಮುಖ ಮಾಡ್ಸಿ. ರಾತ್ರಿ ಮೆರವಣಿಗೆಯಲ್ಲಿ ಝೂಮ್ ಬೇಡ, ಹತ್ರ ಹೋಗಿ, ಮೊಣಕೈಯನ್ನ ಕಂಬಕ್ಕೆ ಆನಿಸಿ ತೆಗೀರಿ. ತಮಟೆಯವರ ಕೈ ಸ್ವಲ್ಪ ಮಸುಕಾದ್ರೂ ಪರವಾಗಿಲ್ಲ, ಅದು ಬಡಿತ.

ಬ್ಯೂಟಿ ಮೋಡ್ ಮೊದಲು ಆಫ್ ಮಾಡಿ. ನಾನು ಹೈಸ್ಕೂಲಲ್ಲಿದ್ದಾಗ ಒಂದು ಸ್ಟುಡಿಯೋದವರು ಕೇಳದೇನೇ ನನ್ನ ಪಾಸ್‌ಪೋರ್ಟ್ ಫೋಟೋವನ್ನ ಬೆಳ್ಳಗೆ ಮಾಡಿ ಕೊಟ್ಟಿದ್ರು. ಅವ್ವ ನೋಡಿ "ಇದ್ಯಾರ ಮಗಾನೋ" ಅಂದ್ಲು. ಈಗ ಆ ಕೆಲಸ ಫೋನೇ ಮಾಡುತ್ತೆ.

ಕೂತವರನ್ನ ನಿಂತು ತೆಗೀಬೇಡಿ, ನೀವೂ ಕೂತ್ಕೊಳ್ಳಿ. ಪೇಪರಿನವರಿಗೆ ನಾವು ಬೇಕಾಗೋದೇ ತಲೆ ಬಗ್ಗಿಸಿ ಅಳುವಾಗ, ಅದೂ ಮೇಲಿಂದ ತೆಗೆದದ್ದು. ಮುಂಬೈನ ಪೌರಕಾರ್ಮಿಕರನ್ನ ವರ್ಷಗಟ್ಟಲೆ ಚಿತ್ರಿಸಿದ ಸುಧಾರಕ್ ಓಲ್ವೆ ಅವರ ಫೋಟೋಗಳನ್ನ ಹುಡುಕಿ ನೋಡಿ.

ಇನ್ನು ದೌರ್ಜನ್ಯ ನಡೆದ ಊರಿಗೆ ಹೋದಾಗ ಫೋಟೋ ಅನ್ನೋದು ನೆನಪಲ್ಲ, ಸಾಕ್ಷಿ. ಮೊದಲು ದೂರದಿಂದ ಇಡೀ ಜಾಗ, ಆಮೇಲೆ ಮನೆ, ಆಮೇಲೆ ಮುರಿದ ಬಾಗಿಲು. ಗಾತ್ರ ಗೊತ್ತಾಗೋಕೆ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಇನ್ನೊಂದು ತೆಗೀರಿ. ಲೊಕೇಶನ್ ಆನ್ ಇರಲಿ, ಫೋನಿನ ದಿನಾಂಕ, ಸಮಯ ಸರಿಯಿರಲಿ. ಮೂಲ ಫೋಟೋವನ್ನ ಕ್ರಾಪ್ ಮಾಡ್ಬೇಡಿ, ಅದರ ಮೇಲೆ ಬರೀಬೇಡಿ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಕುಗ್ಗುತ್ತೆ, ಒಳಗಿದ್ದ ಸಮಯ, ಜಾಗದ ಮಾಹಿತಿಯೂ ಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ. ತೆಗೆದ ಫೋನನ್ನೂ ಜೋಪಾನ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ನಂಬರ್ ಬರೀಬೇಕು. ಮೂಲ ಫೈಲನ್ನ ಒಂಚೂರು ತಿದ್ದಿದ್ರೂ ಆ ನಂಬರ್ ಬದಲಾಗುತ್ತೆ.

ಅತ್ಯಾಚಾರದ ಪ್ರಕರಣ ಆಗಿದ್ರೆ ಸಂತ್ರಸ್ತೆಯ ಮುಖ, ಹೆಸರು, ಗುರುತು ಸಿಗೋ ಮನೆ ಯಾವುದನ್ನೂ ಪೋಸ್ಟ್ ಮಾಡ್ಬೇಡಿ. ಅದು ಅಪರಾಧ, ಸಿಟ್ಟಲ್ಲಿ ಹಾಕಿದ್ರೂ ಅಪರಾಧವೇ. ಬೇರೆ ಪ್ರಕರಣಗಳಲ್ಲೂ ಕೇಳಿಯೇ ಹಾಕಿ. ನಾವು ಸಂಜೆ ಬಸ್ ಹತ್ತಿ ವಾಪಸ್ ಬರ್ತೀವಿ, ಅವರು ಅದೇ ಊರಲ್ಲಿ ಅದೇ ಜನರ ಮಧ್ಯೆ ಇರ್ಬೇಕು.

ಈ ವರ್ಷದ ಜಯಂತಿ ಫೋಟೋಗಳನ್ನ ಕಾಮೆಂಟಲ್ಲಿ ಹಾಕಿ. ಯಾರು, ಯಾವ ಊರು ಅಂತ ಅವರನ್ನ ಕೇಳಿ ಬರೀರಿ.