ಇನ್ನೂರು ಗ್ರಾಂ ತೂಕದ ಕಪಾಟು

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಮೂವತ್ತೈದು ವರ್ಷಗಳಲ್ಲಿ ನಾನು ನಾಲ್ಕು ಊರುಗಳ ನೀರು ಕುಡಿದವನು. ಪ್ರತಿ ಸಲ ವರ್ಗವಾದಾಗಲೂ ಪಾತ್ರೆ-ಪಗಡಿಗಿಂತ ಭಾರವಾಗುತ್ತಿದ್ದುದು ಪುಸ್ತಕ ತುಂಬಿದ ಎರಡು ತಗಡಿನ ಟ್ರಂಕುಗಳು. “ಇದರೊಳಗೆ ಕಲ್ಲು ತುಂಬಿದ್ದೀರಾ ಸ್ವಾಮಿ?” ಎಂದು ಕೇಳದ ಹಮಾಲಿಯೇ ಇಲ್ಲ. ಈಗ ನನಗೆ ಎಪ್ಪತ್ತನಾಲ್ಕು. ಟ್ರಂಕು ಎತ್ತುವ ಸೊಂಟವೂ ಇಲ್ಲ, ಸಣ್ಣ ಅಕ್ಷರ ಓದುವ ಕಣ್ಣೂ ಇಲ್ಲ. ಇಂಥ ಹೊತ್ತಿನಲ್ಲಿ ಮಗಳು ಇ-ರೀಡರ್ ಎಂಬ ಯಂತ್ರವನ್ನು ಕೈಗಿತ್ತಳು. ನಾವು ಶಾಲೆಗೆ ಒಯ್ಯುತ್ತಿದ್ದ ಸ್ಲೇಟಿಗಿಂತ ಚಿಕ್ಕದು, ತೂಕ ಸುಮಾರು 200 ಗ್ರಾಂ, ಒಳಗೆ ಸಾವಿರಾರು ಪುಸ್ತಕಗಳಿಗೆ ಜಾಗ. ಮೂರು ವರ್ಷಗಳಿಂದ ಇದು ನನ್ನೊಂದಿಗೆ ಬಸ್ಸು, ರೈಲು, ವಿಮಾನ ಎಲ್ಲವನ್ನೂ ಹತ್ತಿದೆ. ಬಿ.ಕಾಂ. ಓದಿದವನ ಅಭ್ಯಾಸಬಲ ನೋಡಿ, ಇದರ ಜಮಾ-ಖರ್ಚನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಜಮಾ. “ಅಜ್ಜ, ಇದೂ ಮೊಬೈಲ್ ಥರಾನೇ ಅಲ್ವಾ?” ಎಂದು ಆರನೇ ತರಗತಿಯ ಮೊಮ್ಮಗಳು ಕೇಳಿದ್ದಳು. ಅಲ್ಲ ಮಕ್ಕಳೇ. ಮೊಬೈಲಿನ ಪರದೆ ಹಿಂದಿನಿಂದ ಬೆಳಕನ್ನು ನಮ್ಮ ಕಣ್ಣಿಗೆ ಎರಚುತ್ತದೆ. ಇದು ಕಾಗದದ ಹಾಗೆ, ತನ್ನ ಮೇಲೆ ಬಿದ್ದ ಬೆಳಕನ್ನೇ ಹಿಂದಿರುಗಿಸುತ್ತದೆ. ಪರದೆಯೊಳಗೆ ಕೂದಲೆಳೆಯ ದಪ್ಪದ ಲೆಕ್ಕವಿಲ್ಲದಷ್ಟು ಗುಳಿಗೆಗಳಿವೆ. ಒಂದೊಂದರಲ್ಲೂ ತಿಳಿಯಾದ ದ್ರವ, ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಬಿಳಿಯದಕ್ಕೆ ಒಂದು ಬಗೆಯ ವಿದ್ಯುದಂಶ, ಕಪ್ಪಿಗೆ ಅದರ ವಿರುದ್ಧದ್ದು. ಯಂತ್ರ ಆಜ್ಞೆ ಕೊಟ್ಟಂತೆ ಕೆಲವು ಕಡೆ ಕಪ್ಪು ಮೇಲೆ ಬರುತ್ತದೆ, ಕೆಲವು ಕಡೆ ಬಿಳಿ. ಅದೇ ಅಕ್ಷರ. ಒಮ್ಮೆ ಮೇಲೆ ಬಂದ ಕಣ ಅಲ್ಲೇ ನಿಲ್ಲುತ್ತದೆ. ಅದನ್ನು ನಿಲ್ಲಿಸಲು ವಿದ್ಯುತ್ ಬೇಡ, ಪುಟ ತಿರುವುವಾಗ ಮಾತ್ರ ಬೇಕು. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಜಗಲಿಯ ಬಿಸಿಲಿನಲ್ಲಿ ಮೊಬೈಲ್ ಮಂಕಾದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಈ ಶಾಯಿಯನ್ನು 1990ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪಿಸಿದರು. 2004ರಲ್ಲಿ ಜಪಾನಿನಲ್ಲಿ ಇಂಥ ಪರದೆಯ ಓದುಯಂತ್ರ ಮಾರಾಟಕ್ಕೆ ಬಂತು. 2007ರ ನವೆಂಬರಿನಲ್ಲಿ ಕಿಂಡಲ್ ಬಂದ ಮೇಲೆ ಇದು ಮನೆಮಾತಾಯಿತು.

ಇನ್ನು ಪ್ರಯಾಣ. ನಮ್ಮ ಅಕ್ಕನ ಮನೆ ಪುತ್ತೂರಿನಲ್ಲಿ. ಬೆಂಗಳೂರಿನಿಂದ ಹಗಲು ರೈಲಿನಲ್ಲಿ ಹೋದರೆ ಸಕಲೇಶಪುರ ದಾಟಿದ ಮೇಲೆ ಘಟ್ಟ. ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳು! ಒಳಹೊಕ್ಕಾಗಲೆಲ್ಲ ಪತ್ರಿಕೆ ಓದುವವರು ಮಡಚಿ ಕೂರುತ್ತಾರೆ, ಮಕ್ಕಳು ಕೂಗು ಹಾಕುತ್ತಾರೆ. ಈ ಯಂತ್ರದ ಅಂಚಿನಲ್ಲಿ ಪುಟದ ಮೇಲಷ್ಟೇ ಬೆಳಕು ಚೆಲ್ಲುವ ಪುಟ್ಟ ದೀಪಗಳಿರುವುದರಿಂದ ನನ್ನ ಓದು ನಿಲ್ಲುವುದಿಲ್ಲ. ಆದರೂ ಸುರಂಗದಿಂದ ಹೊರಬಂದು ಹಸಿರು ಕಣಿವೆ ಕಂಡಾಗ ಮುಚ್ಚಿಟ್ಟುಬಿಡುತ್ತೇನೆ. ಆ ಪುಸ್ತಕ ಯಾವ ಯಂತ್ರದೊಳಗೂ ಹಿಡಿಸುವುದಿಲ್ಲ.

ನನ್ನಂಥ ಹಿರಿಯರಿಗೆ ನಾಲ್ಕು ಮಾತು. ಬೇಕಾದ ಪುಸ್ತಕಗಳನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಘಟ್ಟದಲ್ಲಿ ಸಿಗ್ನಲ್ ಸಿಗದು. ಗಟ್ಟಿ ಕವಚ ಹಾಕಿ, ಇದರ ಪರದೆ ಹಪ್ಪಳದಷ್ಟು ನಾಜೂಕು. ಮಳೆಗಾಲದಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ. ವಿಮಾನದಲ್ಲಾದರೆ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನಂತೂ ಚೆಕ್-ಇನ್ ಸಾಮಾನಿಗೆ ಹಾಕುವಂತೆಯೇ ಇಲ್ಲ.

ಈಗ ಖರ್ಚಿನ ಪುಟ. ಓದಿ ಮುಗಿಸಿದ ಪುಸ್ತಕವನ್ನು ಪಕ್ಕದ ಮನೆಯವರಿಗೆ ಎರವಲು ಕೊಡುವ ಸುಖ ಇದರಲ್ಲಿಲ್ಲ. ಪುಟಗಳ ನಡುವೆ ಹಳೆಯ ಬಸ್ ಟಿಕೆಟ್ಟೋ ಒಣಗಿದ ಸಂಪಿಗೆಯೋ ಸಿಗುವುದಿಲ್ಲ. ನನ್ನ ಯಂತ್ರದಲ್ಲಿ ಬಣ್ಣದ ಚಿತ್ರಗಳೆಲ್ಲ ಕಪ್ಪು-ಬಿಳುಪು. ಎಲ್ಲಕ್ಕಿಂತ ದೊಡ್ಡ ಕೊರತೆ ಕನ್ನಡದ್ದು. ನಮ್ಮ ಹಳೆಯ ಪುಸ್ತಕಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಆದರೆ ಹೆಚ್ಚಿನವು ಪುಟದ ಫೋಟೊಗಳು. ಫೋಟೊ ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯ ಆಚೆ ಹೋಗುತ್ತದೆ, ಒಂದೊಂದು ಸಾಲಿಗೂ ಎಡಕ್ಕೂ ಬಲಕ್ಕೂ ಎಳೆದಾಡಬೇಕು. ಅದೇ ಪುಸ್ತಕವನ್ನು ಯೂನಿಕೋಡ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ, ಅಕ್ಷರ ಎಷ್ಟು ದೊಡ್ಡದಾದರೂ ಸಾಲು ತಾನಾಗಿ ಮುರಿದು ಪರದೆಯೊಳಗೇ ಕೂರುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನನಗೆ ತೋರಿಸಿದವಳು ಅಕ್ಕ. ಅವಳಿಗೆ ಎಂಬತ್ತೆರಡು. ನಾನು ಅಕ್ಷರ ಕಲಿಯುವ ಮೊದಲು ಜಗಲಿಯಲ್ಲಿ ಕೂರಿಸಿಕೊಂಡು ಕಥೆ ಓದಿ ಹೇಳುತ್ತಿದ್ದವಳು. ಪೊರೆಯ ಆಪರೇಷನ್ ಆಗಿದೆ. ಆದರೆ ವಯಸ್ಸಿನಿಂದ ಕಣ್ಣಿನ ಒಳಪರದೆ ಸವೆದು, ನೋಟದ ನಡುಭಾಗವೇ ಮಂಜು. ಕನ್ನಡಕ ಬದಲಿಸಿ ಉಪಯೋಗವಿಲ್ಲ ಎಂದರು ವೈದ್ಯರು. ಐದು ವರ್ಷದಿಂದ ಓದು ನಿಂತಿತ್ತು. ವಾರಪತ್ರಿಕೆ ಬಂದರೆ ಮುಖಪುಟವನ್ನು ಕೈಯಲ್ಲಿ ಸವರಿ ಬದಿಗಿಡುತ್ತಿದ್ದಳು. “ಓದಿ ಹೇಳಲಾ ಅತ್ತೆ?” ಎಂದು ಸೊಸೆ ಕೇಳಿದರೆ, “ನಿನಗೆ ಸಾವಿರ ಕೆಲಸ ಉಂಟು, ಬಿಡು” ಎನ್ನುತ್ತಿದ್ದಳು.

ಕಳೆದ ಬೇಸಿಗೆ ರಜೆಯಲ್ಲಿ ನಾನೂ ಮೊಮ್ಮಗಳೂ ಒಂದು ಕೆಲಸ ಹಚ್ಚಿಕೊಂಡೆವು. ಪಂಜೆ ಮಂಗೇಶರಾಯರ ‘ಕೋಟಿ ಚೆನ್ನಯ’ ಅಕ್ಕನಿಗೆ ಬಲು ಇಷ್ಟದ್ದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಯ ಹಕ್ಕು ಎಲ್ಲರದಾಗುತ್ತದೆ. ಪಂಜೆಯವರು 1937ರಲ್ಲೇ ತೀರಿಕೊಂಡವರು, ಆದ್ದರಿಂದ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾನು ಗಟ್ಟಿಯಾಗಿ ಓದುವುದು, ಅವಳು ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು. ಲೆಡ್ಜರ್ ತಾಳೆ ನೋಡಿದಂತೆ ನಾನು ಮತ್ತೆ ಒಂದೊಂದು ಒತ್ತಕ್ಷರವನ್ನೂ ನೋಡುವುದು. ಇಂಗ್ಲಿಷ್ ಶಾಲೆಯ ಹುಡುಗಿಗೆ ಮೊದಲ ದಿನ ಅರ್ಧ ಪುಟಕ್ಕೇ ಬೆರಳು ಸೋತಿತು. ಎರಡು ವಾರದಲ್ಲಿ ಇಪ್ಪತ್ತು ಪುಟ ಮುಗಿಯಿತು. ಅದನ್ನು ಯಂತ್ರಕ್ಕೆ ಹಾಕಿಕೊಂಡು ಪುತ್ತೂರಿಗೆ ಹೋದೆವು.

“ಇದೆಂತದು ಮಾರಾಯಾ, ಸ್ಲೇಟಾ?” ಎಂದಳು ಅಕ್ಕ. ಅಕ್ಷರವನ್ನು ಪುಟಕ್ಕೆ ನಾಲ್ಕೇ ಸಾಲು ಹಿಡಿಸುವಷ್ಟು ದೊಡ್ಡದು ಮಾಡಿ ಕೈಗಿಟ್ಟೆ. ಮುಖ ಸ್ವಲ್ಪ ಓರೆ ಮಾಡಿ, ಬೆರಳಿಟ್ಟು, ಒಂದೊಂದೇ ಪದ ಕೂಡಿಸಿದಳು. ನಾಲ್ಕು ಸಾಲು ಮುಗಿಯಲು ಎಷ್ಟೋ ಹೊತ್ತಾಯಿತು. ಪುಟ ತಿರುವುವುದನ್ನು ಮೊಮ್ಮಗಳು ತೋರಿಸಿಕೊಟ್ಟಳು. ಆಮೇಲೆ ಯಾರನ್ನೂ ಕರೆಯಲಿಲ್ಲ. ಚಹಾ ತಣ್ಣಗಾದದ್ದೂ ಅವಳಿಗೆ ಗೊತ್ತಾಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಲೆಯೆತ್ತಿ, “ಯಾರೂ ಓದಿ ಹೇಳಬೇಕೂಂತ ಇಲ್ಲ, ಅಲ್ಲವಾ?” ಎಂದಳು. ನಾನು ಉತ್ತರ ಕೊಡಲಿಲ್ಲ, ಗಂಟಲು ಕಟ್ಟಿತ್ತು.

ಯಂತ್ರವನ್ನು ಅವಳಲ್ಲೇ ಬಿಟ್ಟು ಬಂದೆ. ಹತ್ತನೇ ದಿನಕ್ಕೆ ಫೋನು: “ತಮ್ಮಾ, ಇಪ್ಪತ್ತು ಪುಟ ಆಯಿತು. ಮುಂದಿನದ್ದು ಎಲ್ಲಿ?”

ಅಂದಿನಿಂದ ಅಜ್ಜ-ಮೊಮ್ಮಗಳ ಕಚೇರಿ ಪ್ರತಿ ಸಂಜೆ ಏಳಕ್ಕೆ ತೆರೆಯುತ್ತದೆ. ನಮ್ಮ ವೇಗ ದಿನಕ್ಕೆ ಎರಡು ಪುಟ. ಅಕ್ಕನ ವೇಗವೂ ಈಗ ಅಷ್ಟೇ ಆಗಿದೆ. ಅವಳ ವಯಸ್ಸನ್ನು ಲೆಕ್ಕ ಹಾಕಿದರೆ ರಜೆ ಹಾಕಲು ಮನಸ್ಸು ಬಾರದು. ಮುಗಿದದ್ದನ್ನು ಅವಳ ಮೊಮ್ಮಗ ಅಲ್ಲಿ ಯಂತ್ರಕ್ಕೆ ಇಳಿಸಿಕೊಡುತ್ತಾನೆ.

ಮಕ್ಕಳೇ, ನಿಮ್ಮ ಮನೆಯಲ್ಲೂ ಪತ್ರಿಕೆಯನ್ನು ಸವರಿ ಬದಿಗಿಡುವ ಅಜ್ಜಿಯೋ ಅಜ್ಜನೋ ಇರಬಹುದು. ಯಂತ್ರವೇ ಬೇಕೆಂದಿಲ್ಲ, ಅಪ್ಪನ ಹಳೆಯ ಟ್ಯಾಬ್ ಆದರೂ ನಡೆಯುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಅಕ್ಷರವಾಗಿಸಿದ ಹಳೆಯ ಪುಸ್ತಕಗಳಿವೆ, ಮೊದಲು ಅಲ್ಲಿ ಹುಡುಕಿ. ಸಿಗದಿದ್ದರೆ ಹಕ್ಕಿನ ಅವಧಿ ಮುಗಿದ ಪುಸ್ತಕ ಆರಿಸಿ ನೀವೇ ಶುರು ಮಾಡಿ. ಆದರೆ ಯಾವ ಪುಸ್ತಕ ಎಂಬುದನ್ನು ಮಾತ್ರ ನೀವು ತೀರ್ಮಾನಿಸಬೇಡಿ. ಪಕ್ಕದಲ್ಲಿ ಕೂತು ಅವರನ್ನೇ ಕೇಳಿ.